ಬಾವಿಯ ನೀರು ಕಲಿಸಿದ ಪಾಠ
ಭೌತಶಾಸ್ತ್ರ ಓದಬಯಸುವ ಮಕ್ಕಳಿಗೂ ಅವರ ಮನೆಯವರಿಗೂ ಕೆಲವು ಮಾತು



ಪರೀಕ್ಷೆಯ ಫಲಿತಾಂಶ ಬಂದ ವಾರ ನಮ್ಮ ಮನೆಗಳಲ್ಲಿ ನಡೆಯುವ ಮಾತುಕತೆ ನಿಮಗೆ ಗೊತ್ತೇ ಇದೆ. ಮಗ ಅಥವಾ ಮಗಳು ಪಿ.ಯು.ಸಿ. ವಿಜ್ಞಾನದಲ್ಲಿ ಒಳ್ಳೆಯ ಅಂಕ ತಂದಿದ್ದಾರೆ. ಕಟ್ಟೆಯ ಮೇಲೆ ಕಾಕಾ, ಮಾಮಾ, ನೆರೆಮನೆಯ ಹಿರಿಯರು ಎಲ್ಲರೂ ಸೇರಿದ್ದಾರೆ. ಒಬ್ಬರು ಎಂಜಿನಿಯರಿಂಗ್ ಎನ್ನುತ್ತಾರೆ, ಇನ್ನೊಬ್ಬರು ಡಾಕ್ಟರ್ ಎನ್ನುತ್ತಾರೆ. ಕೊನೆಗೆ ಮಗು ಬಾಗಿಲ ಬಳಿ ನಿಂತು, "ಅಪ್ಪಾ, ನಾ ಫಿಜಿಕ್ಸ್ ಓದ್ತೀನಿ" ಎನ್ನುತ್ತದೆ. ಒಂದು ಕ್ಷಣ ಎಲ್ಲರೂ ಸುಮ್ಮನಾಗುತ್ತಾರೆ. ಆಮೇಲೆ ಅಪ್ಪನ ಪ್ರಶ್ನೆ ಬರುತ್ತದೆ: "ಅದನ್ನ ಓದಿದ್ರ ಹೊಟ್ಟಿ ತುಂಬತೈತೇನು?"

ಈ ಪ್ರಶ್ನೆಯನ್ನು ಕೇಳಿ ನಗಬಾರದು. ಎರೆಹೊಲದಲ್ಲಿ ಹತ್ತಿ, ಕಡಲೆ, ಜೋಳ ಬೆಳೆದು, ಮಳೆಯ ದಾರಿ ಕಾದು ಮಕ್ಕಳನ್ನು ಓದಿಸಿದ ತಂದೆ ಕೇಳಲೇಬೇಕಾದ ಪ್ರಶ್ನೆ ಅದು. ಹಾಗೆಯೇ ಮಗುವಿನ ಆಸೆಯನ್ನೂ ಹುಡುಗಾಟವೆಂದು ತಳ್ಳಿಹಾಕಬಾರದು. ಒಂದು ಕಾಲಕ್ಕೆ ಸಂಪಗಾಂವ ತಾಲೂಕು ಎಂದು ಕರೆಸಿಕೊಂಡ ಈ ಸೀಮೆಯಲ್ಲಿ, ಬೈಲಹೊಂಗಲ, ಕಿತ್ತೂರು, ಅತ್ತ ಸವದತ್ತಿ, ರಾಮದುರ್ಗದ ಹಳ್ಳಿಗಳಲ್ಲಿ ಇಂಥ ಆಸೆ ಹೊತ್ತ ಮಕ್ಕಳು ಇಲ್ಲದಿಲ್ಲ. ಅವರಿಗೆ ದಾರಿ ಹೇಳುವವರು ಮಾತ್ರ ಕಡಿಮೆ. ಆದ್ದರಿಂದ ಈ ವಾರ ಆ ದಾರಿಯ ಕುರಿತು ಒಟ್ಟಿಗೆ ಯೋಚಿಸೋಣ.

ಭೌತಶಾಸ್ತ್ರ ಎಂದರೇನು?

ಪುಸ್ತಕದ ವ್ಯಾಖ್ಯೆ ಬದಿಗಿರಲಿ. ನಿಮ್ಮ ಹೊಲದ ಬಾವಿಯ ಬಳಿಗೆ ಬನ್ನಿ. ಬೇಸಿಗೆಯಲ್ಲಿ ನೀರು ಇಳಿದಾಗ ಅಪ್ಪ ಏನು ಮಾಡುತ್ತಾರೆ? ದಂಡೆಯ ಮೇಲಿದ್ದ ಮೋಟರನ್ನು ಹಗ್ಗ ಕಟ್ಟಿ ಬಾವಿಯೊಳಗಿನ ಮೆಟ್ಟಿಲಿಗೆ ಇಳಿಸುತ್ತಾರೆ. ಏಕೆ? "ಮ್ಯಾಲಿಂದ ನೀರ ಎಳಿಯಂಗಿಲ್ಲ" ಎಂಬುದು ಅವರ ಉತ್ತರ. ಇಪ್ಪತ್ತು-ಇಪ್ಪತ್ತೈದು ಅಡಿಗಿಂತ ಕೆಳಗೆ ನೀರು ಹೋದರೆ ದಂಡೆಯ ಮೋಟರ್ ಕೆಲಸಕ್ಕೆ ಬಾರದು ಎಂಬುದು ಅವರಿಗೆ ಅನುಭವದಿಂದ ಗೊತ್ತು.

ಈಗ ನೀವು ಇನ್ನೊಂದು ಪ್ರಶ್ನೆ ಕೇಳಿ. ಐದು ಎಚ್.ಪಿ.ಯ ಬದಲು ಹತ್ತು ಎಚ್.ಪಿ.ಯ ಮೋಟರ್ ಇಟ್ಟರೆ ಎಳೆಯುತ್ತದೆಯೇ? ಇಲ್ಲ. ಇಪ್ಪತ್ತು ಎಚ್.ಪಿ. ಇಟ್ಟರೂ ಇಲ್ಲ. ಇದು ವಿಚಿತ್ರವಲ್ಲವೇ? ಅದೇ ಮೋಟರ್ ಕೆಳಗೆ ಇಳಿಸಿದರೆ ನೀರನ್ನು ನೂರು ಅಡಿ ಮೇಲಕ್ಕೆ ತಳ್ಳಬಲ್ಲದು. ಆದರೆ ಮೇಲೆ ಕುಳಿತು ನಲವತ್ತು ಅಡಿ ಎಳೆಯಲಾರದು.

ಇದೇ ಒಗಟು ಸುಮಾರು 380 ವರ್ಷಗಳ ಹಿಂದೆ ಇಟಲಿಯ ಬಾವಿ ತೋಡುವವರನ್ನೂ ಕಾಡಿತ್ತು. ಅವರ ಪಂಪುಗಳೂ ಹತ್ತು ಮೀಟರಿನ ಸುಮಾರಿಗೆ ಸೋತು ನಿಲ್ಲುತ್ತಿದ್ದವು. 1643ರಲ್ಲಿ ಟೊರಿಚೆಲ್ಲಿ ಎಂಬ ವಿಜ್ಞಾನಿ ಇದರ ಗುಟ್ಟನ್ನು ಬಿಡಿಸಿದ. ಪಂಪು ನೀರನ್ನು ಎಳೆಯುವುದೇ ಇಲ್ಲ. ಅದು ಪೈಪಿನೊಳಗಿನ ಗಾಳಿಯನ್ನು ಹೊರಹಾಕುತ್ತದೆ, ಅಷ್ಟೆ. ಬಾವಿಯ ನೀರಿನ ಮೇಲೆ ಕುಳಿತಿರುವ ಹೊರಗಿನ ಗಾಳಿ ತನ್ನ ಭಾರದಿಂದ ನೀರನ್ನು ಪೈಪಿನೊಳಗೆ ಒತ್ತುತ್ತದೆ. ಆ ಗಾಳಿಯ ಒತ್ತಡ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋಗ್ರಾಂ ಭಾರದಷ್ಟು. ಅದು ಸಮುದ್ರಮಟ್ಟದಲ್ಲಿ ಸುಮಾರು 10.3 ಮೀಟರ್, ಅಂದರೆ 34 ಅಡಿ ಎತ್ತರದ ನೀರಿನ ಕಂಬವನ್ನು ಮಾತ್ರ ಹೊರಬಲ್ಲದು. ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ಕಡಿಮೆ. 1648ರಲ್ಲಿ ಪಾಸ್ಕಲನ ಸೂಚನೆಯಂತೆ ಅವನ ಭಾವ ಪಾದರಸದ ನಳಿಗೆಯೊಡನೆ ಫ್ರಾನ್ಸಿನ ಒಂದು ಬೆಟ್ಟ ಹತ್ತಿ ಅದನ್ನು ತೋರಿಸಿದ. ನಮ್ಮ ಸೀಮೆ ಸಮುದ್ರಮಟ್ಟಕ್ಕಿಂತ ಎತ್ತರದಲ್ಲಿರುವುದರಿಂದ ಇಲ್ಲಿ ಆ 34 ಅಡಿ ಸುಮಾರು 31 ಅಡಿಗೆ ಇಳಿಯುತ್ತದೆ. ಪೈಪಿನ ತಿಕ್ಕಾಟ, ಸಣ್ಣಪುಟ್ಟ ಸೋರಿಕೆ ಕಳೆದರೆ ಉಳಿಯುವುದು ಅಪ್ಪ ಹೇಳಿದ ಇಪ್ಪತ್ತು-ಇಪ್ಪತ್ತೈದು ಅಡಿಯೇ!

ಬೋರ್‌ವೆಲ್ಲಿನ ಪಂಪು ಮಾತ್ರ ನೂರಾರು ಅಡಿಯಿಂದ ನೀರು ತರುವುದು ಹೇಗೆ ಎಂಬುದೂ ಈಗ ಹೊಳೆಯಿತಲ್ಲ? ಅದು ನೀರಿನೊಳಗೇ ಕುಳಿತು ಕೆಳಗಿನಿಂದ ತಳ್ಳುತ್ತದೆ.

ಭೌತಶಾಸ್ತ್ರ ಎಂದರೆ ಇದು. ಎಲ್ಲರೂ ಕಂಡದ್ದನ್ನು ನೋಡಿ "ಏಕೆ?" ಎಂದು ಕೇಳುವುದು, ಅಷ್ಟಕ್ಕೇ ನಿಲ್ಲದೆ "ಎಷ್ಟು?" ಎಂದು ಕೇಳುವುದು, ಬಂದ ಉತ್ತರ ನಿಜವೋ ಅಲ್ಲವೋ ಎಂದು ಅಳೆದು ನೋಡುವುದು. ಅಪ್ಪನ ಅನುಭವವೂ ಟೊರಿಚೆಲ್ಲಿಯ ಲೆಕ್ಕವೂ ಒಂದೇ ಬಾವಿಯ ಮಾತು ಎಂದು ಕಂಡಾಗ ನಿಮ್ಮ ಮನಸ್ಸಿಗೆ ಖುಷಿಯಾಯಿತೇ? ಆಗಿದ್ದರೆ ಮುಂದೆ ಓದಿರಿ. ಈ ಲೇಖನ ನಿಮಗಾಗಿಯೇ ಇದೆ.

ಮೂರು ಮಾತು, ಮೂರು ಅರ್ಥ

ದಿನನಿತ್ಯದ ಮಾತಿನಲ್ಲಿ ನಾವು ಬಲ, ಶಕ್ತಿ, ಸಾಮರ್ಥ್ಯ ಎಂಬ ಪದಗಳನ್ನು ಒಂದೇ ಅರ್ಥದಲ್ಲಿ ಬಳಸುತ್ತೇವೆ. "ಎತ್ತಿಗೆ ಶಕ್ತಿ ಇಲ್ಲ" ಎಂದರೂ ಒಂದೇ, "ಬಲ ಇಲ್ಲ" ಎಂದರೂ ಒಂದೇ. ಭೌತಶಾಸ್ತ್ರದಲ್ಲಿ ಹಾಗಲ್ಲ. ಬಲ ಎಂದರೆ ತಳ್ಳು ಅಥವಾ ಎಳೆತ. ಶಕ್ತಿ ಎಂದರೆ ಕೆಲಸ ಮಾಡಿಸುವ ಬಂಡವಾಳ. ಸಾಮರ್ಥ್ಯ ಎಂದರೆ ಆ ಬಂಡವಾಳ ಎಷ್ಟು ಬೇಗ ಖರ್ಚಾಗುತ್ತದೆ ಎಂಬುದರ ಅಳತೆ. ಪಂಪಿನ ಮೇಲೆ ಬರೆದ ಎಚ್.ಪಿ. ಸಾಮರ್ಥ್ಯದ ಅಳತೆ, ಒಂದು ಎಚ್.ಪಿ. ಎಂದರೆ 746 ವ್ಯಾಟ್. ಕರೆಂಟ್ ಬಿಲ್ಲಿನ ಯೂನಿಟ್ ಶಕ್ತಿಯ ಅಳತೆ. ಒಂದು ಯೂನಿಟ್ ಎಂದರೆ 36 ಲಕ್ಷ ಜೌಲ್.

ಒಂದು ಯೂನಿಟ್ಟಿನಲ್ಲಿ ಎಷ್ಟು ನೀರು ಎತ್ತಬಹುದು? ಒಂದು ಲೀಟರ್ ನೀರನ್ನು 20 ಮೀಟರ್ ಎತ್ತಲು 1 × 9.8 × 20, ಅಂದರೆ 196 ಜೌಲ್ ಬೇಕು. 36 ಲಕ್ಷವನ್ನು 196ರಿಂದ ಭಾಗಿಸಿ. ಹದಿನೆಂಟು ಸಾವಿರ ಲೀಟರಿಗೂ ಮಿಕ್ಕಿ ಬರುತ್ತದೆ. ನಿಮ್ಮ ಪಂಪು ಇದರ ಅರ್ಧವನ್ನಷ್ಟೇ ಎತ್ತುತ್ತಿದ್ದರೆ ಉಳಿದ ಅರ್ಧ ಎಲ್ಲಿ ಹೋಯಿತು? ಮೋಟರ್ ಮುಟ್ಟಿದಾಗ ಬಿಸಿಯಾಗಿರುವುದು ಏಕೆ? ಹೀಗೆ ಒಂದು ಲೆಕ್ಕ ಇನ್ನೊಂದು ಪ್ರಶ್ನೆಯನ್ನು ಹುಟ್ಟಿಸುತ್ತದೆ. ಪದದ ಅರ್ಥ ಸ್ಪಷ್ಟವಿಲ್ಲದೆ ಸೂತ್ರ ಬಾಯಿಪಾಠ ಮಾಡಿದವರಿಗೆ ಈ ದಾರಿ ತೆರೆಯುವುದಿಲ್ಲ.

ಮನೆಯೇ ಪ್ರಯೋಗಶಾಲೆ

"ನಮ್ಮ ಊರಿನ ಶಾಲೆಯಲ್ಲಿ ಉಪಕರಣಗಳಿಲ್ಲ" ಎಂಬುದು ಹಲವರ ಕೊರಗು. ಕೊರಗು ನಿಜವೇ. ಆದರೆ ಕೆಲವು ಪ್ರಯೋಗಗಳಿಗೆ ಕಾಸೂ ಬೇಡ.

1. ಒಂದು ದಾರಕ್ಕೆ ಸಣ್ಣ ಕಲ್ಲು ಕಟ್ಟಿ ಜಂತಿಗೆ ತೂಗುಬಿಡಿ. ಗಂಟಿನಿಂದ ಕಲ್ಲಿನ ನಡುವಿನವರೆಗೆ ಒಂದು ಮೀಟರ್ ಇರಲಿ. ಸ್ವಲ್ಪವೇ ಸರಿಸಿ ಬಿಡಿ. ಅದು ಹೋಗಿ ಬರುವುದನ್ನು ಇಪ್ಪತ್ತು ಸಲ ಎಣಿಸಿ, ಗಡಿಯಾರ ನೋಡಿ. ಸುಮಾರು 40 ಸೆಕೆಂಡು ಹಿಡಿಯುತ್ತದೆ. ಕಲ್ಲನ್ನು ಬದಲಿಸಿ ದೊಡ್ಡದು ಕಟ್ಟಿ; ಕಾಲ ಬದಲಾಗದು. ದಾರವನ್ನು 25 ಸೆಂಟಿಮೀಟರಿಗೆ ಇಳಿಸಿ, ಕಾಲ ಅರ್ಧವಾಗುತ್ತದೆ. ಕಾಲು ಭಾಗ ಉದ್ದಕ್ಕೆ ಅರ್ಧ ಕಾಲ ಏಕೆ? ಅದನ್ನು ಹುಡುಕಿ. ಭೂಮಿಯ ಗುರುತ್ವವನ್ನು ನೀವು ನಿಮ್ಮ ಪಡಸಾಲೆಯಲ್ಲೇ ಅಳೆಯಬಹುದು.

2. ಅಂಗಳದಲ್ಲಿ ನೆಟ್ಟಗೆ ಒಂದು ಕೋಲು ನೆಡಿ. ಪ್ರತಿದಿನ ಅತಿ ಚಿಕ್ಕ ನೆರಳು ಬೀಳುವ ಹೊತ್ತು ಮತ್ತು ಅದರ ಉದ್ದವನ್ನು ಬರೆದಿಡಿ. ಬೈಲಹೊಂಗಲದ ಅಕ್ಷಾಂಶ ಸುಮಾರು 15.8 ಡಿಗ್ರಿ ಉತ್ತರ. ಆದ್ದರಿಂದ ಮೇ ಮೊದಲ ವಾರದಲ್ಲಿ ಒಂದು ದಿನ, ಆಗಸ್ಟ್ ಎರಡನೆಯ ವಾರದ ಸುಮಾರಿಗೆ ಇನ್ನೊಂದು ದಿನ, ಮಧ್ಯಾಹ್ನ ನಿಮ್ಮ ಕೋಲಿಗೆ ನೆರಳೇ ಇರುವುದಿಲ್ಲ. ಆಗಸ್ಟಿನಲ್ಲಿ ಮೋಡ ಅಡ್ಡ ಬಂದೀತು. ಮೇ ತಿಂಗಳಲ್ಲಿ ತಪ್ಪದೆ ನೋಡಿ.

3. ಎತ್ತಿನ ಬಂಡಿಯ ಗಾಲಿಗೆ ಕಬ್ಬಿಣದ ಪಟ್ಟಿ ಏರಿಸುವುದನ್ನು ಹಿರಿಯರಿಂದ ಕೇಳಿ. ಕಮ್ಮಾರರು ಗಾಲಿಗಿಂತ ಸ್ವಲ್ಪ ಚಿಕ್ಕ ಪಟ್ಟಿಯನ್ನೇ ಮಾಡಿ, ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಗಾಲಿಗೆ ತೊಡಿಸಿ ನೀರು ಸುರಿಯುತ್ತಿದ್ದರು. ಒಂದು ಮೀಟರ್ ಕಬ್ಬಿಣ ಒಂದು ಡಿಗ್ರಿ ಕಾದರೆ 0.012 ಮಿಲಿಮೀಟರ್ ಬೆಳೆಯುತ್ತದೆ. ನಾಲ್ಕಡಿ ಅಗಲದ ಗಾಲಿಯ ಸುತ್ತಳತೆ ಸುಮಾರು 3.8 ಮೀಟರ್. 500 ಡಿಗ್ರಿ ಕಾಯಿಸಿದರೆ ಪಟ್ಟಿ ಎರಡು ಸೆಂಟಿಮೀಟರಿಗೂ ಹೆಚ್ಚು ಬೆಳೆಯುತ್ತದೆ. ಕಮ್ಮಾರರು ಈ ಲೆಕ್ಕವನ್ನು ಕಾಗದದ ಮೇಲೆ ಮಾಡಲಿಲ್ಲ, ಕಣ್ಣಳತೆಯಲ್ಲೇ ಮಾಡಿದರು. ಅವರಿಗೆ ತಲೆಬಾಗೋಣ, ಜೊತೆಗೆ ಕಾಗದದ ಮೇಲೂ ಮಾಡೋಣ.

ಒಂದು ಎಚ್ಚರಿಕೆ. ವಿದ್ಯುತ್ತಿನ ಪ್ರಯೋಗಗಳನ್ನು ಬ್ಯಾಟರಿ ಸೆಲ್ಲಿನಿಂದ ಮಾತ್ರ ಮಾಡಿ. ಮನೆಯ ಕರೆಂಟನ್ನೂ ಪಂಪಿನ ಸ್ಟಾರ್ಟರನ್ನೂ ಮುಟ್ಟಬೇಡಿ. ಮಾಡಿದ ಪ್ರತಿ ಪ್ರಯೋಗವನ್ನು ಒಂದು ವಹಿಯಲ್ಲಿ ತಾರೀಖು ಹಾಕಿ ಬರೆದಿಡಿ. ತಪ್ಪಿದ್ದನ್ನೂ ಬರೆಯಿರಿ, ಅಳಿಸಬೇಡಿ.

ಕನ್ನಡ ಮಾಧ್ಯಮದ ಮಕ್ಕಳಿಗೆ

ಈಗ ಒಂದು ನೋವಿನ ವಿಷಯ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ, ವಿಜ್ಞಾನದಲ್ಲಿ ತೊಂಬತ್ತರ ಮೇಲೆ ಅಂಕ ತಂದ ಹುಡುಗಿಯೊಬ್ಬಳನ್ನು ನೆನೆಯಿರಿ. ಅಂಥವಳು ನಿಮ್ಮ ಓಣಿಯಲ್ಲೇ ಇರಬಹುದು. ಪಿ.ಯು.ಸಿ.ಗೆ ಪೇಟೆಯ ಕಾಲೇಜು ಸೇರಿದಳು. ಪಾಠವೆಲ್ಲ ಇಂಗ್ಲಿಷಿನಲ್ಲಿ. ಮೊದಲ ಕಿರುಪರೀಕ್ಷೆಯಲ್ಲಿ ಫೇಲಾದಳು. ಆ ರಾತ್ರಿ ಊಟ ಮಾಡಲಿಲ್ಲ. "ನನಗ ತಲಿ ಇಲ್ಲ" ಎಂದು ಅವಳೇ ತೀರ್ಮಾನಿಸಿಕೊಂಡಳು. ದೀಪಾವಳಿಯ ಹೊತ್ತಿಗೆ ವಿಜ್ಞಾನ ಬಿಟ್ಟಳು.

ತಲೆ ಇರಲಿಲ್ಲವೇ? ಮೂರು ತಿಂಗಳ ಹಿಂದೆ ಇದ್ದ ತಲೆ ಎಲ್ಲಿಗೆ ಹೋದೀತು? ಅವಳು ಸೋತದ್ದು ಭೌತಶಾಸ್ತ್ರದಲ್ಲಿ ಅಲ್ಲ, ಭಾಷೆಯಲ್ಲಿ. ಈ ಎರಡರ ವ್ಯತ್ಯಾಸವನ್ನು ಆ ಮನೆಯಲ್ಲಿ ಯಾರಾದರೂ ಹೇಳಿದ್ದರೆ ಅವಳು ಇಂದೂ ಓದುತ್ತಿದ್ದಳು.

ಇಂಥ ಮಕ್ಕಳು ಮಾಡಬೇಕಾದದ್ದು ಇಷ್ಟು. ಹತ್ತನೆಯ ತರಗತಿಯ ಪರೀಕ್ಷೆ ಮುಗಿದ ಬೇಸಿಗೆಯ ರಜೆಯಲ್ಲಿ ಒಂದು ಇನ್ನೂರು ಪುಟದ ವಹಿ ತೆಗೆದುಕೊಳ್ಳಿ. ಎಡಪುಟದಲ್ಲಿ ಕನ್ನಡ ಪದ, ಬಲಪುಟದಲ್ಲಿ ಅದರ ಇಂಗ್ಲಿಷ್ ಪದ, ಕೆಳಗೆ ನಿಮ್ಮ ಮಾತಿನಲ್ಲೇ ಅರ್ಥ. ಜವ ಎಂದರೆ ಸ್ಪೀಡ್, ವೇಗ ಎಂದರೆ ವೆಲಾಸಿಟಿ, ವೇಗೋತ್ಕರ್ಷ ಎಂದರೆ ಎಕ್ಸಲರೇಶನ್, ಸಂವೇಗ ಎಂದರೆ ಮೊಮೆಂಟಮ್, ರೋಧ ಎಂದರೆ ರೆಸಿಸ್ಟನ್ಸ್. ದಿನಕ್ಕೆ ಐದು ಪದ ಸಾಕು. ಎರಡು ತಿಂಗಳಲ್ಲಿ ಮುನ್ನೂರು ಪದಗಳಾಗುತ್ತವೆ. ಮೊದಲ ವರ್ಷದ ಪಾಠದ ಹೆಚ್ಚಿನ ಪಾಲು ಆ ಮುನ್ನೂರರಲ್ಲೇ ಇದೆ.

ಪಾಠವನ್ನು ಮೊದಲು ಕನ್ನಡದಲ್ಲಿ ಯೋಚಿಸಿ ಅರ್ಥಮಾಡಿಕೊಳ್ಳಿ, ಆಮೇಲೆ ಇಂಗ್ಲಿಷಿನಲ್ಲಿ ಬರೆಯಿರಿ. ಇದರಲ್ಲಿ ನಾಚಿಕೆಯೇನಿಲ್ಲ. ಎಂಜಿನಿಯರಿಂಗ್ ಪ್ರವೇಶದ ಜೆ.ಇ.ಇ. ಮೇನ್ ಪರೀಕ್ಷೆಯನ್ನೇ 2021ರಿಂದ ಕನ್ನಡದಲ್ಲೂ ಬರೆಯಲು ಅವಕಾಶವಿದೆ. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ 'ಬಾಲ ವಿಜ್ಞಾನ' ಮಾಸಪತ್ರಿಕೆ 1978ರಲ್ಲಿ ಆರಂಭವಾಯಿತು. ಅದರ ಹಳೆಯ ಸಂಚಿಕೆಗಳು ಗ್ರಂಥಾಲಯದಲ್ಲಿ ಸಿಕ್ಕರೆ ಬಿಡಬೇಡಿ.

ತಂದೆ-ತಾಯಂದಿರೇ, ಮೊದಲ ಪರೀಕ್ಷೆಯ ಅಂಕ ನೋಡಿ ಮಗುವನ್ನು ಬೈಯಬೇಡಿ. ಒಂದು ವರ್ಷ ಕಾಲ ಕೊಡಿ. ಬಿತ್ತಿದ ಮರುದಿನ ತೆನೆ ಬಂದಿಲ್ಲವೆಂದು ಯಾರಾದರೂ ಹೊಲ ಹರಗುತ್ತಾರೆಯೇ?

ಗಣಿತವನ್ನು ಬಿಡಬೇಡಿ

"ನನಗೆ ಫಿಜಿಕ್ಸ್ ಇಷ್ಟ, ಆದರೆ ಗಣಿತ ಬೇಡ" ಎನ್ನುವವರಿದ್ದಾರೆ. ಇದು ಈಜಬೇಕು ಆದರೆ ನೀರು ಬೇಡ ಎಂದಂತೆ. ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರದ ಜೊತೆಗೆ ಗಣಿತ ಇರಲೇಬೇಕು. ಡಾಕ್ಟರಿಕೆಯ ಆಸೆಯೂ ಇದ್ದರೆ ಜೀವಶಾಸ್ತ್ರವನ್ನೂ ಸೇರಿಸಿಕೊಳ್ಳಿ. ಆಗ ಎರಡೂ ಬಾಗಿಲು ತೆರೆದಿರುತ್ತವೆ.

ಗಣಿತದ ಕುರಿತು ಧೈರ್ಯ ಬೇಕಾದರೆ ನಮ್ಮ ಜಿಲ್ಲೆಯವರೇ ಆದ ಡಿ. ಸಿ. ಪಾವಟೆಯವರನ್ನು ನೆನೆಯಿರಿ. ಗೋಕಾಕ ತಾಲೂಕಿನ ಮಮದಾಪುರದಲ್ಲಿ 1899ರಲ್ಲಿ ಹುಟ್ಟಿದ ಅವರು ಕೇಂಬ್ರಿಜ್ಜಿಗೆ ಹೋಗಿ ಗಣಿತದಲ್ಲಿ ರ‍್ಯಾಂಗ್ಲರ್ ಆದರು. ಮುಂದೆ 1954ರಿಂದ 1967ರವರೆಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಗಳಾಗಿ ಅದನ್ನು ಕಟ್ಟಿ ಬೆಳೆಸಿದರು. ಹಳ್ಳಿಯಲ್ಲಿ ಹುಟ್ಟಿದವರಿಗೆ ಗಣಿತ ಒಲಿಯದು ಎಂಬ ಮಾತಿಗೆ ಇನ್ನೇನು ಉತ್ತರ ಬೇಕು?

ಓದುವ ಕ್ರಮ ಹೀಗಿರಲಿ: ಪಾಠವನ್ನು ಒಮ್ಮೆ ಓದಿ, ಪುಸ್ತಕ ಮುಚ್ಚಿ, ಸೂತ್ರವನ್ನು ಮೊದಲಿನಿಂದ ನೀವೇ ಸಾಧಿಸಿ. ಬಳಿಕ ಲೆಕ್ಕಗಳನ್ನು ಮಾಡಿ. ಉತ್ತರ ನೋಡುವ ಮೊದಲು ಅರ್ಧ ಗಂಟೆಯಾದರೂ ಒದ್ದಾಡಿ. ಆ ಒದ್ದಾಟವೇ ಕಲಿಕೆ. ಪಿ.ಯು.ಸಿ.ಗೆ ಎನ್.ಸಿ.ಇ.ಆರ್.ಟಿ. ಪುಸ್ತಕವೇ ಬುನಾದಿ. ಅದಾದ ಮೇಲೆ ಎಚ್. ಸಿ. ವರ್ಮಾ ಅವರ ಎರಡು ಸಂಪುಟಗಳ ಭೌತಶಾಸ್ತ್ರ ಪುಸ್ತಕದಿಂದ ಲೆಕ್ಕಗಳನ್ನು ಮಾಡಿ. ಹತ್ತು ಪುಸ್ತಕ ಕೊಂಡು ಕಪಾಟಿನಲ್ಲಿಡುವುದಕ್ಕಿಂತ ಒಂದನ್ನು ಕೊನೆಯ ಪುಟದವರೆಗೆ ಮಾಡುವುದು ಮೇಲು.

ಪಿ.ಯು.ಸಿ. ನಂತರ ಯಾವ ದಾರಿ?

ಮುಖ್ಯವಾಗಿ ಮೂರು ದಾರಿಗಳಿವೆ.

ಮೊದಲನೆಯದು, ಹತ್ತಿರದ ಕಾಲೇಜಿನಲ್ಲಿ ಬಿ.ಎಸ್ಸಿ. ಭೌತಶಾಸ್ತ್ರ ಮತ್ತು ಗಣಿತ ಎರಡೂ ಇರುವ ಜೋಡಣೆಯನ್ನು ಆರಿಸಿ. 2024-25ರಿಂದ ನಮ್ಮ ರಾಜ್ಯದಲ್ಲಿ ಪದವಿ ಮತ್ತೆ ಮೂರು ವರ್ಷದ್ದಾಗಿದೆ. ಬೆಳಗಾವಿ, ಧಾರವಾಡ ಎರಡೂ ಕಡೆ ಹಳೆಯ ವಿಜ್ಞಾನ ಕಾಲೇಜುಗಳಿವೆ. ಸೇರುವ ಮೊದಲು ಹೋಗಿ ನೋಡಿ. ಕಟ್ಟಡ ನೋಡಿ ಮರುಳಾಗಬೇಡಿ. ಪ್ರಯೋಗಶಾಲೆಯ ಬೀಗ ವಾರಕ್ಕೆ ಎಷ್ಟು ದಿನ ತೆಗೆಯುತ್ತಾರೆ? ಭೌತಶಾಸ್ತ್ರಕ್ಕೆ ಕಾಯಂ ಅಧ್ಯಾಪಕರಿದ್ದಾರೆಯೇ? ಇಲ್ಲಿ ಓದಿದವರು ಎಂ.ಎಸ್ಸಿ.ಗೆ ಎಲ್ಲೆಲ್ಲಿ ಹೋಗಿದ್ದಾರೆ? ಈ ಮೂರು ಪ್ರಶ್ನೆ ಕೇಳಿ. ಬಿ.ಎಸ್ಸಿ. ಕೊನೆಯ ವರ್ಷದಲ್ಲಿ 'ಜಾಮ್' ಪರೀಕ್ಷೆ ಬರೆದರೆ ಐ.ಐ.ಟಿ.ಗಳಲ್ಲಿ ಎಂ.ಎಸ್ಸಿ. ಓದಬಹುದು. ಸಣ್ಣ ಊರಿನ ಕಾಲೇಜಿನಿಂದ ದೊಡ್ಡ ಸಂಸ್ಥೆಗೆ ಏರಲು ಇದು ಒಳ್ಳೆಯ ಏಣಿ.

ಎರಡನೆಯದು, ಪಿ.ಯು.ಸಿ.ಯಿಂದ ನೇರವಾಗಿ ಸಂಶೋಧನಾ ಸಂಸ್ಥೆಗೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2011ರಿಂದ ನಾಲ್ಕು ವರ್ಷದ ಬಿ.ಎಸ್. ಪದವಿ ಇದೆ. ಪುಣೆ, ತಿರುಪತಿ, ತಿರುವನಂತಪುರ ಮೊದಲಾದ ಏಳು ಕಡೆ ಐಸರ್ ಸಂಸ್ಥೆಗಳಿವೆ, ಅವುಗಳಿಗೆ ಐ.ಎ.ಟಿ. ಎಂಬ ಪ್ರವೇಶ ಪರೀಕ್ಷೆ. ಭುವನೇಶ್ವರದ ನೈಸರ್ ಮತ್ತು ಮುಂಬಯಿಯ ಮೂಲವಿಜ್ಞಾನ ಕೇಂದ್ರಕ್ಕೆ ನೆಸ್ಟ್ ಪರೀಕ್ಷೆ. ಇವುಗಳ ಹೆಸರೇ ನಮ್ಮ ಹಳ್ಳಿಗಳ ಅನೇಕ ಮಕ್ಕಳ ಕಿವಿಗೆ ಬಿದ್ದಿಲ್ಲ. ಅರ್ಜಿಯ ಕೊನೆಯ ದಿನ ಕಳೆದ ಮೇಲೆ ತಿಳಿದು ಪ್ರಯೋಜನವಿಲ್ಲ. ದ್ವಿತೀಯ ಪಿ.ಯು.ಸಿ.ಯ ಜನವರಿಯಿಂದಲೇ ಪ್ರಕಟಣೆಗಳನ್ನು ನೋಡುತ್ತಿರಿ.

ಮೂರನೆಯದು, ಶಿಕ್ಷಕರಾಗುವ ದಾರಿ. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ ವಿಜ್ಞಾನ ಪದವಿ ಮತ್ತು ಶಿಕ್ಷಕ ತರಬೇತಿಯನ್ನು ಒಟ್ಟಿಗೆ ನಾಲ್ಕು ವರ್ಷದಲ್ಲಿ ಮುಗಿಸಬಹುದು. ಭೌತಶಾಸ್ತ್ರವನ್ನು ಪ್ರೀತಿಸಿ ಕಲಿಸುವ ಒಬ್ಬ ಶಿಕ್ಷಕರು ಒಂದು ಊರಿನ ಹಣೆಬರಹವನ್ನೇ ಬದಲಿಸಬಲ್ಲರು. ಇದನ್ನು ಕಡೆಯ ಆಯ್ಕೆ ಎಂದು ತಿಳಿಯಬೇಡಿ.

ಹೊಟ್ಟೆ ತುಂಬುತ್ತದೆಯೇ?

ಅಪ್ಪನ ಪ್ರಶ್ನೆಗೆ ಬರೋಣ. ಪ್ರಾಮಾಣಿಕವಾಗಿ ಉತ್ತರಿಸಬೇಕು.

ಬಿ.ಎಸ್ಸಿ. ಒಂದೇ ಮುಗಿಸಿ ಕುಳಿತರೆ ಒಳ್ಳೆಯ ಕೆಲಸ ಸಿಗುವುದು ಕಷ್ಟ. ಮೂರು ವರ್ಷ ಬಿ.ಎಸ್ಸಿ., ಎರಡು ವರ್ಷ ಎಂ.ಎಸ್ಸಿ. ಎಂದು ಐದು ವರ್ಷದ ದಾರಿ ಎಂದು ಮೊದಲೇ ಲೆಕ್ಕ ಹಾಕಿ. ಸಂಶೋಧನೆಗೆ ಹೋದರೆ ಇನ್ನೂ ಐದಾರು ವರ್ಷ. ಆದರೆ ಆ ವರ್ಷಗಳು ತಂದೆಯ ಕಿಸೆಯಿಂದ ನಡೆಯುವುದಿಲ್ಲ. ನೆಟ್ ಪರೀಕ್ಷೆಯಲ್ಲಿ ಜೆ.ಆರ್.ಎಫ್. ಪಡೆದವರಿಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ ಸಂಶೋಧನಾ ವೇತನ ನಿಗದಿಯಾಗಿದೆ. ಬಯಸಿದವರಿಗೆಲ್ಲ ಅದು ಸಿಗುವುದಿಲ್ಲ ಎಂಬುದೂ ಅಷ್ಟೇ ನಿಜ.

ಆದ್ದರಿಂದ ಎರಡು ಕಾಲಿನ ಮೇಲೆ ನಿಲ್ಲಿ. ಎಂ.ಎಸ್ಸಿ.ಯ ಜೊತೆಗೆ ಬಿ.ಎಡ್. ಇದ್ದರೆ ಹೈಸ್ಕೂಲು, ಪಿ.ಯು. ಕಾಲೇಜಿನ ಹುದ್ದೆಗಳ ಪರೀಕ್ಷೆ ಬರೆಯಬಹುದು. ಭಾಭಾ ಅಣು ಸಂಶೋಧನಾ ಕೇಂದ್ರದ ತರಬೇತಿ ಶಾಲೆಗೆ ಭೌತಶಾಸ್ತ್ರದ ಎಂ.ಎಸ್ಸಿ.ಯವರನ್ನು ತೆಗೆದುಕೊಳ್ಳುತ್ತಾರೆ. ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ರೋಗಿಗೆ ಕೊಡುವ ವಿಕಿರಣದ ಪ್ರಮಾಣವನ್ನು ಲೆಕ್ಕ ಹಾಕಿ ನೋಡಿಕೊಳ್ಳುವವರು ವೈದ್ಯಕೀಯ ಭೌತವಿಜ್ಞಾನಿಗಳು, ಎಂ.ಎಸ್ಸಿ. ಬಳಿಕ ಅದಕ್ಕೆ ಪ್ರತ್ಯೇಕ ತರಬೇತಿಯಿದೆ. ಹವಾಮಾನ ಇಲಾಖೆ, ಬಾಹ್ಯಾಕಾಶ ಸಂಸ್ಥೆಗಳೂ ಇವೆ. ಓದುವಾಗಲೇ ಪೈಥಾನ್‌ನಂಥ ಒಂದು ಕಂಪ್ಯೂಟರ್ ಭಾಷೆ ಕಲಿತರೆ ಇನ್ನೂ ಒಂದು ಬಾಗಿಲು ತೆರೆಯುತ್ತದೆ.

ಇನ್ನೊಂದು ಲೆಕ್ಕವನ್ನೂ ಮನೆಯಲ್ಲಿ ಕುಳಿತು ಮಾಡಿ. ಮನಸ್ಸಿಲ್ಲದ ಮಗುವಿಗಾಗಿ ಹೊಲ ಅಡವಿಟ್ಟು ಖಾಸಗಿ ಸೀಟು ಕೊಂಡರೆ, ನಾಲ್ಕು ವರ್ಷದ ಬಳಿಕ ಸಾಲವೂ ಉಳಿದು ಮಗುವಿನ ಉತ್ಸಾಹವೂ ಹೋದರೆ ಲಾಭವೆಷ್ಟು? ಎಂಜಿನಿಯರಿಂಗ್ ಕೆಟ್ಟದ್ದೆಂದು ಇದರರ್ಥವಲ್ಲ. ಯಂತ್ರ ಕಟ್ಟುವುದರಲ್ಲಿ ಖುಷಿಪಡುವ ಮಗು ಅಲ್ಲಿಗೇ ಹೋಗಲಿ. "ಇದು ಏಕೆ ಹೀಗೆ?" ಎಂದು ಅಂಕ ಬಂದ ಮೇಲೂ ಕೇಳುತ್ತಲೇ ಇರುವ ಮಗುವನ್ನು ಮಾತ್ರ ತಡೆಯಬೇಡಿ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ನಿಜ, ಬಿ.ಎಸ್ಸಿ.ಯ ಹಾಸಿಗೆ ಬಡವರ ಮನೆಯಲ್ಲೂ ಹಾಸಬಹುದಾದದ್ದು.

ಹೆಣ್ಣುಮಕ್ಕಳ ಆಸೆ

ಕೇರಳದ ಪೀರುಮೇಡಿನ ಕ್ರೈಸ್ತ ಕುಟುಂಬವೊಂದರಲ್ಲಿ 1918ರಲ್ಲಿ ಹುಟ್ಟಿದ ಅಣ್ಣಾ ಮಣಿ ಎಂಬ ಹುಡುಗಿಗೆ ಎಂಟನೆಯ ಹುಟ್ಟುಹಬ್ಬದಂದು ಮನೆಯವರು ವಜ್ರದ ಓಲೆ ಕೊಡಲು ಬಂದರು. ಅವಳು ಓಲೆ ಬೇಡವೆಂದು ವಿಶ್ವಕೋಶದ ಸಂಪುಟಗಳನ್ನು ಕೇಳಿದಳು. ಮುಂದೆ ಬೆಂಗಳೂರಿನಲ್ಲಿ ಸಿ. ವಿ. ರಾಮನ್ ಅವರ ಪ್ರಯೋಗಶಾಲೆಯಲ್ಲಿ ವಜ್ರಗಳ ಮೇಲೆಯೇ ಸಂಶೋಧನೆ ಮಾಡಿದಳು! ಎಂ.ಎಸ್ಸಿ. ಪದವಿ ಇಲ್ಲವೆಂಬ ಕಾರಣಕ್ಕೆ ಡಾಕ್ಟರೇಟ್ ಸಿಗಲಿಲ್ಲ. ಆದರೂ ಎದೆಗುಂದಲಿಲ್ಲ. ಹವಾಮಾನ ಇಲಾಖೆ ಸೇರಿ, ಉಪಕರಣಗಳನ್ನು ನಮ್ಮ ದೇಶದಲ್ಲೇ ತಯಾರಿಸುವ ವ್ಯವಸ್ಥೆ ಮಾಡಿ, 1976ರಲ್ಲಿ ಇಲಾಖೆಯ ಉಪ ಮಹಾನಿರ್ದೇಶಕಿಯಾಗಿ ನಿವೃತ್ತರಾದರು. ದೇಶದಲ್ಲಿ ಎಲ್ಲೆಲ್ಲಿ ಎಷ್ಟು ಗಾಳಿ ಬೀಸುತ್ತದೆ ಎಂದು ಅಳೆದು ಲೆಕ್ಕವಿಟ್ಟವರಲ್ಲಿ ಅವರು ಮೊದಲಿಗರು. ಗುಡ್ಡದ ಮೇಲೆ ಗಾಳಿಯಂತ್ರ ತಿರುಗುವುದನ್ನು ಕಂಡಾಗ ಅವರನ್ನು ನೆನೆಯಿರಿ.

ರಾಣಿ ಚೆನ್ನಮ್ಮನ ಸೀಮೆಯ ತಂದೆ-ತಾಯಂದಿರಿಗೆ ಹೆಣ್ಣುಮಗಳ ಧೈರ್ಯದ ಪಾಠ ಬೇರೆ ಹೇಳಬೇಕಾಗಿಲ್ಲ. ಕಿತ್ತೂರಿನಲ್ಲೇ 1969ರಿಂದ ಹೆಣ್ಣುಮಕ್ಕಳ ವಸತಿ ಸೈನಿಕ ಶಾಲೆ ನಡೆಯುತ್ತಿದೆ. "ಬಸ್ಸಿನಾಗ ದೂರ ಹೋಗೂದು ಬ್ಯಾಡ" ಎಂದು ವಿಜ್ಞಾನ ಬಿಡಿಸುವ ಮೊದಲು ಹಾಸ್ಟೆಲು ಸಿಗುತ್ತದೆಯೇ, ಜೊತೆಗೆ ಹೋಗುವ ಗೆಳತಿಯರಿದ್ದಾರೆಯೇ ಎಂದು ವಿಚಾರಿಸಿ.

ನಡೆದು ಹೋದವರು, ಕಾದವರು

ಗೌರಿಬಿದನೂರು ತಾಲೂಕಿನ ಹೊಸೂರಿನ ಬಡ ಹುಡುಗನೊಬ್ಬ 1935ರಲ್ಲಿ ಓದಲಿಕ್ಕಾಗಿ ಬೆಂಗಳೂರಿಗೆ ನಡೆದೇ ಹೋದ. ಬಸ್ಸಿಗೆ ಕಾಸಿರಲಿಲ್ಲ. ಭೌತಶಾಸ್ತ್ರ ಓದಿ, ಅದನ್ನೇ ಕಲಿಸಿ, ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ತಂದ. ಅವರೇ ಡಾ. ಎಚ್. ನರಸಿಂಹಯ್ಯ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾದರೂ ಕಾಲೇಜಿನ ಹಾಸ್ಟೆಲಿನ ಕೋಣೆಯಲ್ಲೇ ಕೊನೆಯವರೆಗೆ ಬಾಳಿದರು.

ಬೆಂಗಳೂರಿನವರೇ ಆದ ಸಿ. ವಿ. ವಿಶ್ವೇಶ್ವರ 1970ರಲ್ಲಿ ಒಂದು ಲೆಕ್ಕ ಮಾಡಿದರು. ಗಂಟೆಗೆ ಬಡಿದರೆ ಅದು ತನ್ನದೇ ನಾದದಲ್ಲಿ ಮೊಳಗಿ ಮೆಲ್ಲಗೆ ಅಡಗುತ್ತದಲ್ಲ, ಹಾಗೆಯೇ ಕಪ್ಪುಕುಳಿಯನ್ನು ಕೆದಕಿದರೆ ಅದೂ ಗುರುತ್ವದ ಅಲೆಗಳಲ್ಲಿ ಮೊಳಗಿ ಅಡಗುತ್ತದೆ ಎಂದು ತೋರಿಸಿದರು. ಅಂಥ ಅಲೆ ಮೊದಲ ಬಾರಿಗೆ ಉಪಕರಣಕ್ಕೆ ಸಿಕ್ಕಿದ್ದು 2015ರ ಸೆಪ್ಟೆಂಬರ್ 14ರಂದು. ನಲವತ್ತೈದು ವರ್ಷ! 2017ರಲ್ಲಿ ತೀರಿಕೊಳ್ಳುವ ಮೊದಲು ಆ ಸುದ್ದಿಯನ್ನು ಅವರು ಕೇಳಿದರು. ಭೌತಶಾಸ್ತ್ರಕ್ಕೆ ಬೇಕಾದ ತಾಳ್ಮೆ ಇಂಥದು.

ಸಿ. ವಿ. ರಾಮನ್ ಕಲ್ಕತ್ತೆಯಲ್ಲಿ ಸರಕಾರದ ಹಣಕಾಸು ಅಧಿಕಾರಿಯಾಗಿದ್ದರು. ಕಚೇರಿಯ ಮುಂಚೆ, ಕಚೇರಿಯ ಬಳಿಕ ಒಂದು ವಿಜ್ಞಾನ ಸಂಘದ ಪ್ರಯೋಗಶಾಲೆಗೆ ಹೋಗಿ ದುಡಿಯುತ್ತಿದ್ದರು. 1876ರಲ್ಲಿ ಆ ಸಂಘವನ್ನು ಕಟ್ಟಿದವರು ಡಾ. ಮಹೇಂದ್ರಲಾಲ್ ಸರ್ಕಾರ್, ಅವರಿಗೆ ಹೆಗಲು ಕೊಟ್ಟವರು ಸೇಂಟ್ ಝೇವಿಯರ್ ಕಾಲೇಜಿನ ಯೇಸುಸಭೆಯ ಗುರು ಲಾಫೋಂ. 1917ರಲ್ಲಿ ರಾಮನ್ ಹೆಚ್ಚಿನ ಸಂಬಳದ ಸರಕಾರಿ ಕೆಲಸ ಬಿಟ್ಟು ಕಡಿಮೆ ಸಂಬಳದ ಪ್ರಾಧ್ಯಾಪಕ ಹುದ್ದೆಗೆ ಬಂದರು. 1928ರ ಫೆಬ್ರವರಿ 28ರಂದು ಅವರ ಪರಿಣಾಮ ಕಂಡುಬಂತು. 1930ರಲ್ಲಿ ನೊಬೆಲ್ ಬಂತು. ಎಲ್ಲರೂ ರಾಮನ್ ಆಗುವುದಿಲ್ಲ. ಆದರೆ ಮಹೇಂದ್ರಲಾಲರು, ಲಾಫೋಂ ಗುರುಗಳು ತೆರೆದಿಟ್ಟಂಥ ಒಂದು ಬಾಗಿಲನ್ನು ನಮ್ಮ ಊರಿನ ಒಂದು ಮಗುವಿಗೆ ತೆರೆಯುವುದು ನಮ್ಮಲ್ಲಿ ಯಾರಿಗಾದರೂ ಸಾಧ್ಯ.

ಈ ವಾರ ಮಾಡಬೇಕಾದದ್ದು

ವಿದ್ಯಾರ್ಥಿಗಳೇ, ದಾರಕ್ಕೆ ಕಲ್ಲು ಕಟ್ಟಿ ಇಪ್ಪತ್ತು ಎಣಿಸಿ. ಎರಡು ಭಾಷೆಯ ವಹಿ ಆರಂಭಿಸಿ. ಅರ್ಥವಾಗದ ಒಂದು ಪ್ರಶ್ನೆಯನ್ನು ಬರೆದುಕೊಂಡು ಹೋಗಿ ಶಿಕ್ಷಕರನ್ನು ಕೇಳಿ. ರಜೆಯಲ್ಲಿ ಒಮ್ಮೆ ಧಾರವಾಡದ ಪ್ರಾದೇಶಿಕ ವಿಜ್ಞಾನ ಕೇಂದ್ರ ನೋಡಿ ಬನ್ನಿ.

ತಂದೆ-ತಾಯಂದಿರೇ, ರಾತ್ರಿ ಊಟದ ಬಳಿಕ ಟಿ.ವಿ., ಮೊಬೈಲು ಬದಿಗಿಟ್ಟು ಮಗುವನ್ನು ಹತ್ತಿರ ಕೂರಿಸಿಕೊಂಡು, "ಏನ ಓದಬೇಕಂತೀದಿ, ಯಾಕ?" ಎಂದು ಕೇಳಿ. ಉತ್ತರ ಮುಗಿಯುವವರೆಗೆ ನಡುವೆ ಬಾಯಿ ಹಾಕಬೇಡಿ. ಖರ್ಚಿನ ಲೆಕ್ಕವನ್ನೂ ಮುಚ್ಚಿಡದೆ ಮಗುವಿನ ಮುಂದೆ ಇಡಿ. ಲೆಕ್ಕ ತಿಳಿದ ಮಗು ಜವಾಬ್ದಾರಿಯಿಂದ ಓದುತ್ತದೆ.

ಬೇಸಿಗೆಯಲ್ಲಿ ಮೋಟರ್ ಇಳಿಸಲು ಹೋಗುವಾಗ ಮಗುವನ್ನೂ ಬಾವಿಯ ಬಳಿಗೆ ಕರೆದೊಯ್ಯಿರಿ. ದಂಡೆಯಿಂದ ನೀರಿನವರೆಗೆ ಹಗ್ಗ ಬಿಟ್ಟು ಅಳೆಯಲು ಹೇಳಿ. ನಿಮಗೆ ಗೊತ್ತಿರುವುದನ್ನು ನೀವು ಹೇಳಿ, ಅದಕ್ಕೆ ಗೊತ್ತಿರುವುದನ್ನು ಅದು ಹೇಳಲಿ. ಅಪ್ಪ ಹೇಳಿದ ಇಪ್ಪತ್ತೈದು ಅಡಿ ಏಕೆಂದು ವಿವರಿಸಬಲ್ಲ ಮಗು ನಿಮ್ಮ ಮನೆಯಲ್ಲಿದ್ದರೆ, ಅದು ಓದಲು ಬಿಡಬೇಕಾದ ಮಗು.